ದೇವರ ಪಟದ ಹಿಂದಿನ ಗುಳಿಗೆ

1945ರಲ್ಲಿ ನೊಬೆಲ್ ಪಾರಿತೋಷಕದ ಭಾಷಣಕ್ಕೆ ನಿಂತ ಅಲೆಕ್ಸಾಂಡರ್ ಫ್ಲೆಮಿಂಗರು, ತಾವೇ ಕಂಡುಹಿಡಿದ ಪೆನಿಸಿಲಿನ್ನನ್ನು ಸಾಲದಷ್ಟು ಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಸಾಯುವುದರ ಬದಲು ಅದನ್ನು ಎದುರಿಸುವ ವಿದ್ಯೆಯನ್ನೇ ಕಲಿತುಬಿಡುವುವೆಂದು ಎಚ್ಚರಿಸಿದ್ದರು. ನಾವೋ, ಜ್ವರವಿಳಿದ ಮರುದಿನವೇ ಪ್ರತಿಜೀವಕ ಗುಳಿಗೆಯ ಪಟ್ಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು, ಮುಂದೊಮ್ಮೆ ನೆರೆಮನೆಯ ಮಗು ಕೆಮ್ಮಿದಾಗ ಉಳಿದ ನಾಲ್ಕನ್ನು ಔದಾರ್ಯದಿಂದ ದಾನಮಾಡುವ ಜನ. ಅಂಥ ಕೆಮ್ಮು ಬಹುಮಟ್ಟಿಗೆ ವೈರಾಣುವಿನದು, ಅದಕ್ಕೆ ಈ ಮದ್ದು ನಾಟುವುದೇ ಇಲ್ಲವೆಂಬುದು ಬೇರೆ ಮಾತು. 2014ರಿಂದ ಜಾರಿಯಲ್ಲಿರುವ, ನಮ್ಮ ದೇಶದ ಔಷಧ ನಿಯಮಗಳ ಎಚ್-1 ಅನುಸೂಚಿಯ ಪ್ರಕಾರ, ಕೆಲವು ಪ್ರಬಲ ಪ್ರತಿಜೀವಕಗಳನ್ನು ಮಾರುವಾಗ ಔಷಧದಂಗಡಿಯವನು ವೈದ್ಯರ ಹಾಗೂ ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡತಕ್ಕದ್ದು. ಶಾಸನದಲ್ಲಿ ಕೊರತೆಯಿಲ್ಲ, ಆದರೆ "ಗಂಟಲು ನೋವು, ಒಂದು ಸ್ಟ್ರಾಂಗ್ ಮಾತ್ರೆ ಕೊಡಪ್ಪ" ಎಂದವನನ್ನು ಚೀಟಿಯೆಲ್ಲಿ ಎಂದು ಕೇಳಿದ ಅಂಗಡಿಯನ್ನು ನಾನು ಕಂಡದ್ದು ವಿರಳ.