ಮುಪ್ಪು ಅವಳಿಗೆ ಮಾತ್ರವೇ?

ಫ್ರಾನ್ಸಿನ ನಟಿ ಸಿಮೋನ್ ಸಿನ್ಯೋರೆ ಬಗ್ಗೆ ಯಾರೇ ಬರೆಯಲಿ, ಎರಡು ಮಾತು ತಪ್ಪುವುದಿಲ್ಲ. ಒಂದು, ಎಂಥ ಚೆಲುವೆ ಹೇಗಾಗಿ ಹೋದಳು! ಇನ್ನೊಂದು, ಗಂಡ ಮರ್ಲಿನ್ ಮನ್ರೋ ಹಿಂದೆ ಹೋದನಂತೆ, ಪಾಪ! ನಲವತ್ತು ವರ್ಷ ದುಡಿದ ಕಲಾವಿದೆಯ ಬದುಕನ್ನು ಮುಖದ ಸುಕ್ಕಿಗೂ ಗಂಡನ ಚಪಲಕ್ಕೂ ಕಟ್ಟಿಹಾಕಿ ಕೈತೊಳೆದುಕೊಳ್ಳುವ ಈ ಪರಿ ನನಗೆ ಸಿಟ್ಟು ತರಿಸುತ್ತದೆ. ಬೈಗುಳವನ್ನಾದರೂ ಸಹಿಸಬಹುದು, ಈ 'ಪಾಪ'ವನ್ನು ಸಹಿಸಲಾಗದು.

ಆಕೆ ಹುಟ್ಟಿದ್ದು 1921ರಲ್ಲಿ, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ಬೆಳೆದದ್ದು ಪ್ಯಾರಿಸ್ಸಿನ ಮಗ್ಗುಲಲ್ಲಿ. ತಂದೆ ಯಹೂದಿ, ಕಾಮಿಂಕರ್ ಎಂಬ ಹೆಸರು. 1940ರಲ್ಲಿ ಜರ್ಮನ್ ಸೈನ್ಯ ಫ್ರಾನ್ಸನ್ನು ಹಿಡಿದಾಗ ಆತ ಲಂಡನ್ನಿಗೆ ಹೋಗಿ ದ ಗಾಲ್ ಅವರ ಕಡೆ ಸೇರಿದರು. ತಾಯಿಯನ್ನೂ ಇಬ್ಬರು ತಮ್ಮಂದಿರನ್ನೂ ಸಾಕುವ ಭಾರ ಹತ್ತೊಂಬತ್ತರ ಈ ಹುಡುಗಿಯ ಹೆಗಲಿಗೆ ಬಿತ್ತು. ಮನೆಪಾಠ ಹೇಳಿದಳು. ಜರ್ಮನರಿಗೆ ಜೀಹುಜೂರ್ ಎನ್ನುತ್ತಿದ್ದ ಪತ್ರಿಕೆಯೊಂದರಲ್ಲಿ ಟೈಪಿಸ್ಟ್ ಆದಳು. ಅದನ್ನು ಮುಂದೆ ತನ್ನ ಆತ್ಮಕಥೆಯಲ್ಲಿ ಬಚ್ಚಿಡಲೂ ಇಲ್ಲ. ತಂದೆಯ ಹೆಸರು ಹೇಳಿದರೆ ಅಪಾಯ. ಹಾಗಾಗಿ ತಾಯಿಯ ತವರಿನ ಹೆಸರಿಟ್ಟುಕೊಂಡು ಸಿನಿಮಾಗಳಲ್ಲಿ ಗುಂಪಿನ ನಡುವೆ ನಿಂತಳು. ಇಂಥವಳು ಕನಿಕರಕ್ಕೆ ಕೈಯೊಡ್ಡುವ ಹೆಂಗಸೇ?

ಯುದ್ಧದ ನಂತರ ಹೆಸರು ಬಂತು. 1952ರ 'ಕಾಸ್ಕ್ ದೋರ್' ಚಿತ್ರದ ಹೊಂಗೂದಲ ಚೆಲುವೆಯನ್ನು ಕಂಡವರು ಮರೆಯಲಾರರು. ಆಮೇಲೆ 1959ರಲ್ಲಿ ಬ್ರಿಟಿಷ್ ಚಿತ್ರ 'ರೂಮ್ ಅಟ್ ದ ಟಾಪ್'. ಅದರಲ್ಲಿ ಆಕೆಯದು ಗಂಡನಿಂದ ಸುಖ ಕಾಣದ ನಡುವಯಸ್ಸಿನ ಆಲಿಸ್ ಪಾತ್ರ. ತರುಣನೊಬ್ಬ ಅವಳನ್ನು ಪ್ರೀತಿಸಿ, ಗಿರಣಿ ಮಾಲೀಕನ ಮಗಳು ದಕ್ಕುತ್ತಲೇ ಕೈಬಿಡುತ್ತಾನೆ. ಎಲಿಜಬೆತ್ ಟೇಲರ್, ಆಡ್ರೆ ಹೆಪ್‌ಬರ್ನ್‌ರಂಥವರು ಸ್ಪರ್ಧೆಯಲ್ಲಿದ್ದಾಗ 1960ರ ಆಸ್ಕರ್ ಪ್ರಶಸ್ತಿ ಈ ಆಲಿಸ್‌ಗೆ ಬಂತು. ಆಗ ಸಿಮೋನ್‌ಗೆ ಮೂವತ್ತೊಂಬತ್ತು.

ಅದೇ ವರ್ಷ ಗಂಡ ಈವ್ ಮೊಂತಾನ್, ಹಾಲಿವುಡ್ಡಿನಲ್ಲಿ ಮರ್ಲಿನ್ ಜೊತೆ ನಟಿಸುತ್ತಿದ್ದಾಗಲೇ ಆ ಪ್ರಕರಣ ನಡೆಯಿತು. ಜಗತ್ತಿನ ಪತ್ರಿಕೆಗಳಿಗೆ ಹಬ್ಬ. ಆಸ್ಕರ್ ಗೆದ್ದವಳು ಕೆಲವೇ ತಿಂಗಳಲ್ಲಿ 'ವಂಚಿತ ಹೆಂಡತಿ' ಆಗಿಬಿಟ್ಟಳು! ತಪ್ಪು ಮಾಡಿದವನೊಬ್ಬ, ಪಟ್ಟ ಅವಳಿಗೆ. ಆಕೆಯ ಆತ್ಮಕಥೆಯಲ್ಲಿ ಮರ್ಲಿನ್ ಬಗ್ಗೆ ವಿಷವಿಲ್ಲ. ಅಕ್ಕಪಕ್ಕದ ಬಿಡಾರಗಳಲ್ಲಿದ್ದಾಗ ಇಬ್ಬರೂ ಒಬ್ಬಳೇ ಮುದುಕಿಯಿಂದ ಕೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದುದನ್ನು ಅಕ್ಕರೆಯಿಂದಲೇ ನೆನೆಯುತ್ತಾಳೆ. ಜಗಳ ನೋಡಲು ಕಾದವರಿಗೆ ನಿರಾಸೆಯಾಗಿರಬೇಕು.

ಇನ್ನು ಮುಪ್ಪಿನ ಮಾತು. ಗಂಡಹೆಂಡಿರಿಬ್ಬರೂ 1921ರಲ್ಲೇ ಹುಟ್ಟಿದವರು ಎಂಬುದನ್ನು ದಯವಿಟ್ಟು ನೆನಪಿಡಿ. 1971ರಲ್ಲಿ 'ಲ ಷಾ', ಅಂದರೆ 'ಬೆಕ್ಕು', ಎಂಬ ಚಿತ್ರದಲ್ಲಿ ಐವತ್ತರ ಸಿಮೋನ್ ಮುದುಕ ಜಾನ್ ಗಬೀನ್‌ಗೆ ಹೆಂಡತಿ. ಆತ ಆಕೆಗಿಂತ ಹದಿನೇಳು ವರ್ಷ ದೊಡ್ಡವನು. ಮರುವರ್ಷ 'ಸೆಜಾರ್ ಎ ರೊಸಾಲಿ'ಯಲ್ಲಿ ಮೊಂತಾನ್ ಪ್ರೇಮಿ. ನಾಯಕಿ ರೋಮಿ ಶ್ನೈಡರ್, ಆತನಿಗಿಂತ ಹದಿನೇಳು ವರ್ಷ ಚಿಕ್ಕವಳು! 1975ರಲ್ಲಿ ಆತನ ಜೋಡಿ ಕ್ಯಾಥರೀನ್ ದನೋವ್, ಇಪ್ಪತ್ತೆರಡು ವರ್ಷ ಚಿಕ್ಕವಳು. ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ 'ಈತನ ಮುಖ ಹೇಗಾಯಿತು' ಎಂದು ಕೇಳಿದವರಾರು? ಗಂಡಸಿನ ಮುಖದ ಗೆರೆ ಅನುಭವ, ಹೆಣ್ಣಿನದಾದರೆ ಅಜಾಗ್ರತೆ. ಸಿಗರೇಟು, ಕುಡಿತ ಆಕೆಗಿತ್ತು, ನಿಜ. ಅದನ್ನು ಮೆಚ್ಚಿ ಎನ್ನುವುದಿಲ್ಲ.

ಆ 'ಬೆಕ್ಕು' ಚಿತ್ರವನ್ನೊಮ್ಮೆ ನೋಡಬೇಕು. ಸುತ್ತಲಿನ ಮನೆಗಳನ್ನೆಲ್ಲ ಕೆಡವುತ್ತಿರುವ ಬಡಾವಣೆಯಲ್ಲಿ ಇಬ್ಬರು ಮುದುಕರು. ಆಕೆ ಹಿಂದೆ ಸರ್ಕಸ್ಸಿನಲ್ಲಿದ್ದವಳು, ಈಗ ಕಾಲು ಕುಂಟು. ಆತ ಹೆಂಡತಿಗೆ ಕೊಡದ ಅಕ್ಕರೆಯನ್ನೆಲ್ಲ ಬೆಕ್ಕಿಗೆ ಸುರಿಯುತ್ತಾನೆ. ಆಕೆ ಬೆಕ್ಕನ್ನು ಕೊಲ್ಲುತ್ತಾಳೆ, ಆತ ಮಾತು ಬಿಡುತ್ತಾನೆ. ಒಂದೇ ಸೂರಿನಡಿ ಮಾತಿಲ್ಲದ ಮುಪ್ಪು ಹೇಗಿರುತ್ತದೆಂದು ನಮ್ಮಲ್ಲಿ ಎಷ್ಟು ಹೆಂಗಸರಿಗೆ ಗೊತ್ತಿಲ್ಲ! ಅದನ್ನು ತೋರಿಸಲು ನುಣುಪಾದ ಕೆನ್ನೆಯಿಂದ ಆದೀತೇ? ಬರ್ಲಿನ್ ಚಿತ್ರೋತ್ಸವ ಇಬ್ಬರಿಗೂ ಬೆಳ್ಳಿ ಕರಡಿ ಕೊಟ್ಟಿತು.

1977ರ 'ಮದಾಂ ರೋಸಾ' ಇನ್ನೂ ಒಂದು ಹೆಜ್ಜೆ ಮುಂದೆ. ಆಶ್ವಿಟ್ಸ್ ಸಾವಿನ ಶಿಬಿರದಿಂದ ಬದುಕಿ ಬಂದ ಯಹೂದಿ ಮುದುಕಿ, ಒಂದು ಕಾಲದ ವೇಶ್ಯೆ, ಈಗ ವೇಶ್ಯೆಯರ ಮಕ್ಕಳನ್ನು ಸಾಕುತ್ತಾಳೆ. ಕೊನೆಗಾಲದಲ್ಲಿ ಅವಳಿಗೆ ಆಸರೆಯಾಗುವವನು ಮೋಮೋ ಎಂಬ ಅರಬ್ ಹುಡುಗ. ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವ ಆ ದಪ್ಪ ದೇಹ, ಒರಟು ಬಣ್ಣ ಬಳಿದ ಆ ಮುಖ! ಐವತ್ತಾರರಲ್ಲೇ ಆ ಮುದುಕಿಯಾಗಲು ಆಕೆ ಹಿಂಜರಿಯಲಿಲ್ಲ. ಬದುಕುವುದಕ್ಕಾಗಿ ಒಮ್ಮೆ ತಂದೆಯ ಹೆಸರು ಮರೆಸಿದ್ದ ಮಗಳು, ಕ್ಯಾಮರಾದ ಮುಂದೆ ಆ ಜನರ ನೋವನ್ನೇ ಮೈಮೇಲೆ ಹಾಕಿಕೊಂಡು ನಿಂತಿದ್ದಳು. ಫ್ರಾನ್ಸಿನ ಸೆಜಾರ್ ಪ್ರಶಸ್ತಿ 1978ರಲ್ಲಿ ಇದಕ್ಕೇ ಬಂದದ್ದು. ಇಷ್ಟಾದರೂ 'ಚೆಲುವು ಹೋಯಿತು' ಎಂದು ಗೋಳಾಡುವವರು ಏನನ್ನು ನೋಡುತ್ತಿದ್ದರೋ!

ಕೊನೆಕೊನೆಗೆ ಆಕೆಯ ಕಣ್ಣು ಬಹುಮಟ್ಟಿಗೆ ಹೋಗಿತ್ತು. ಆದರೂ 1985ರಲ್ಲಿ ಪ್ಯಾರಿಸ್ಸಿಗೆ ವಲಸೆ ಬಂದ ಯಹೂದಿ ಕುಟುಂಬಗಳ ಕಥೆಯನ್ನು 'ಅದಿಯ್ಯೋ ವೊಲೋದ್ಯಾ' ಎಂಬ ಕಾದಂಬರಿಯಾಗಿ ಪ್ರಕಟಿಸಿದಳು. ಅದೇ ಸೆಪ್ಟೆಂಬರ್ 30ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅರವತ್ತನಾಲ್ಕು. ಆ ಕಾದಂಬರಿಯ ಹೆಸರು ಕೇಳಿದವರು ಎಷ್ಟು ಜನರೋ ಕಾಣೆ. ಮರ್ಲಿನ್ ವಿಷಯ ಕೇಳಿ ನೋಡಿ, ಎಲ್ಲರಿಗೂ ಬಾಯಿಪಾಠ.