ಮಾಸ್ಟರ್ ಫೇಡರ್: ಉಳಿತಾಯಕ್ಕೆ ಸಲ್ಲದ ಬಿಡಿಭಾಗ

ಸಣ್ಣ ಕೈಗಾರಿಕೆಯ ಲಾಭನಷ್ಟಗಳು ಬಹುಮಟ್ಟಿಗೆ ಬಿಡಿಭಾಗಗಳ ಖರೀದಿಯಲ್ಲಿಯೇ ನಿರ್ಧಾರವಾಗುತ್ತವೆ ಎಂಬುದು ನಮಗೆಲ್ಲರಿಗೂ ತಿಳಿದ ಸಂಗತಿ. ಆದರೆ ಎಲ್ಲ ಬಿಡಿಭಾಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಜಾಣತನವಲ್ಲ. ಧ್ವನಿ ಮಿಶ್ರಣದ ಕನ್ಸೋಲ್‌ಗಳನ್ನು, ಅಂದರೆ ಬಳಕೆಯ ಮಾತಿನಲ್ಲಿ ಮಿಕ್ಸರ್‌ಗಳನ್ನು, ತಯಾರಿಸುವ ಹಾಗೂ ಮಾರುವ ನಮ್ಮಲ್ಲಿ ಅನೇಕರು ಮಾಸ್ಟರ್ ಫೇಡರ್‌ನ ವಿಷಯದಲ್ಲಿ ಈ ವಿವೇಕವನ್ನು ಮರೆಯುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಈ ತಪ್ಪನ್ನು ನಾನೂ ಮಾಡಿದವನೇ. ಕೆಲವು ವರ್ಷಗಳ ಹಿಂದೆ ನಮ್ಮ ಘಟಕದಲ್ಲಿ ತಯಾರಾಗುತ್ತಿದ್ದ 16 ಚಾನೆಲ್‌ಗಳ ಮಿಕ್ಸರ್‌ಗೆ ಚಾನೆಲ್ ಫೇಡರ್, ಮಾಸ್ಟರ್ ಫೇಡರ್ ಎಂಬ ಭೇದವಿಲ್ಲದೆ ಅತ್ಯಂತ ಕಡಿಮೆ ದರದ ಒಂದೇ ಸರಕನ್ನು ಕೊಂಡೆವು. ಧ್ವನಿವರ್ಧಕಗಳನ್ನು ಬಾಡಿಗೆಗೆ ನೀಡುವ ಗ್ರಾಹಕರೊಬ್ಬರು ಅದನ್ನು ಇಡೀ ರಾತ್ರಿಯ ಯಕ್ಷಗಾನಕ್ಕೆ ಒಯ್ದಿದ್ದರು. ನಡುರಾತ್ರಿಯಲ್ಲಿ ಮಾಸ್ಟರ್ ಫೇಡರ್ ಕರಕರ ಸದ್ದು ಮಾಡಿ, ಎಡಬದಿಯ ಧ್ವನಿ ನಿಂತೇಹೋಯಿತು. ಮರುದಿನ ಅವರು ಮಿಕ್ಸರನ್ನು ನನ್ನ ಮೇಜಿನ ಮೇಲಿಟ್ಟು, "ಸ್ವಾಮಿ, ಹದಿನಾರು ಮೈಕುಗಳೂ ಸರಿಯಾಗಿದ್ದವು, ನಿಮ್ಮ ಒಂದು ಫೇಡರ್ ನನ್ನ ಮರ್ಯಾದೆ ತೆಗೆಯಿತು" ಎಂದಷ್ಟೇ ಹೇಳಿದರು. ಮುಂದಿನ ವರ್ಷ ಆ ಮೇಳದ ಕೆಲಸ ಅವರ ಕೈತಪ್ಪಿತು; ಅವರು ನಮ್ಮ ಕೈತಪ್ಪಿದರು.

ಚಾನೆಲ್ ಫೇಡರ್ ಕೆಟ್ಟರೆ ಒಂದು ಮೈಕು ಹೋಗುತ್ತದೆ. ಮಾಸ್ಟರ್ ಕೆಟ್ಟರೆ ಸಭೆಯೇ ಹೋಗುತ್ತದೆ. ಈ ವ್ಯತ್ಯಾಸಕ್ಕೆ ತಕ್ಕ ಬೆಲೆಯನ್ನು ನಾವು ತೆರಬೇಕಾಗಿದೆ.

ಆಯ್ಕೆಯಲ್ಲಿ ಗಮನಿಸಬೇಕಾದ ಮೊದಲ ಅಂಶ ಎರಡು ಪಥಗಳ ಹೊಂದಾಣಿಕೆ. ಸ್ಟೀರಿಯೊ ಫೇಡರ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಪಥವಿದ್ದು, ಒಂದೇ ಗುಂಡಿ ಎರಡನ್ನೂ ಚಲಿಸುತ್ತದೆ. ಅಗ್ಗದ ಕಾರ್ಬನ್ ಫೇಡರ್‌ಗಳಲ್ಲಿ ಇವೆರಡರ ನಡುವೆ 3 ಡೆಸಿಬೆಲ್‌ವರೆಗೆ ಅಂತರವಿರುವುದು ಅಪರೂಪವಲ್ಲ. ಅಂದರೆ ಒಂದು ಬದಿಯಲ್ಲಿ 1 ವೋಲ್ಟ್ ಇದ್ದಾಗ ಇನ್ನೊಂದರಲ್ಲಿ ಸುಮಾರು 0.7 ವೋಲ್ಟ್ ಮಾತ್ರ. ವೇದಿಕೆಯ ನಡುವೆ ನಿಂತ ಗಾಯಕನ ಧ್ವನಿ ಪಕ್ಕಕ್ಕೆ ಸರಿದಂತೆ ಕೇಳಿಸಲು ಇಷ್ಟು ಸಾಕು.

ಎರಡನೆಯದು ಬಾಳಿಕೆ. ಮಾಸ್ಟರ್ ಫೇಡರನ್ನು ಹೆಚ್ಚು ಚಲಿಸುವುದಿಲ್ಲವಾದ್ದರಿಂದ ಅದು ಸವೆಯದು ಎಂಬ ವಾದವುಂಟು. ಇದು ಅರ್ಧ ಸತ್ಯ. ಅದು ಸೊನ್ನೆ ಡೆಸಿಬೆಲ್ ಗುರುತಿನ ಆಸುಪಾಸಿನಲ್ಲಿಯೇ ಹಿಂದೆ ಮುಂದೆ ಆಡುವುದರಿಂದ ಸವೆತವೆಲ್ಲ ಪಥದ ಒಂದೇ ಸಣ್ಣ ತುಣುಕಿನ ಮೇಲೆ ಬೀಳುತ್ತದೆ. ಜಾತ್ರೆಯ ಧೂಳು ಮೇಲ್ಮುಖವಾಗಿ ತೆರೆದ ಸೀಳಿನೊಳಗೆ ಇಳಿಯುವುದು ಬೇರೆ. ವಾಹಕ ಪ್ಲಾಸ್ಟಿಕ್ ಪಥದ ಫೇಡರ್‌ಗಳು ಕಾರ್ಬನ್ ಪಥದವುಗಳಿಗಿಂತ ನುಣುಪಾಗಿ ಚಲಿಸುತ್ತವೆ, ಹೆಚ್ಚು ಕಾಲ ಬಾಳುತ್ತವೆ. ಚಲನೆಯ ಉದ್ದ 60 ಮಿ.ಮೀ. ಬದಲು 100 ಮಿ.ಮೀ. ಇದ್ದರೆ ಆಪರೇಟರನ ಬೆರಳಿಗೆ ಸೂಕ್ಷ್ಮ ಹತೋಟಿಯೂ ದೊರೆಯುತ್ತದೆ.

ಮೂರನೆಯದಾಗಿ, ಉತ್ತಮ ಫೇಡರ್ ಕೊಂಡು ಸರ್ಕಿಟ್‌ನಲ್ಲಿ ಕೆಡಿಸಬಾರದು. ಪಥದ ಮೇಲೆ ಡಿ.ಸಿ. ವೋಲ್ಟೇಜ್ ಸೋರಿದರೆ ಹೊಸ ಫೇಡರ್ ಕೂಡ ಕರಕರಗುಟ್ಟುತ್ತದೆ. ಆದುದರಿಂದ ಅದರ ಹಿಂದೆ ಮುಂದೆ ಸೋರಿಕೆಯಿಲ್ಲದ ಕೆಪಾಸಿಟರ್ ಇರಲಿ. 10 ಕಿಲೋ ಓಮ್ ಫೇಡರ್‌ನ ನಂತರದ ಹಂತಕ್ಕೆ ಅದಕ್ಕಿಂತ ಹಲವು ಪಟ್ಟು ಹೆಚ್ಚಿನ ಇನ್‌ಪುಟ್ ರೋಧವಿದ್ದರೆ ಸಂಪರ್ಕದ ಸಣ್ಣಪುಟ್ಟ ಏರುಪೇರು ಕಿವಿಗೆ ಬೀಳದು.

ಇನ್ನೊಂದು ಮಾರ್ಗ ವಿ.ಸಿ.ಎ. ಬಳಕೆ. ಇಲ್ಲಿ ಒಂದೇ ಪಥದ ಲೀನಿಯರ್ ಫೇಡರ್ ನಿಯಂತ್ರಣದ ವೋಲ್ಟೇಜನ್ನಷ್ಟೇ ಕೊಡುತ್ತದೆ. ಧ್ವನಿ ಅದರ ಮೂಲಕ ಹಾಯುವುದೇ ಇಲ್ಲ. ಎಡಬಲಗಳ ಹೊಂದಾಣಿಕೆಯನ್ನು ಅಮೆರಿಕದ ದ್ಯಾಟ್ ಕಾರ್ಪೊರೇಷನ್‌ನ 2180ರಂತಹ ಐ.ಸಿ.ಗಳು ನೋಡಿಕೊಳ್ಳುತ್ತವೆ. ವೆಚ್ಚ ಹೆಚ್ಚು, ವಿನ್ಯಾಸದ ಎಚ್ಚರವೂ ಹೆಚ್ಚು. ದುಬಾರಿ ಮಾದರಿಗಳಿಗೆ ಇದು ಒಪ್ಪುತ್ತದೆ. ಡಿಜಿಟಲ್ ಮಿಕ್ಸರ್‌ಗಳಲ್ಲಂತೂ ಫೇಡರ್ ಕೇವಲ ಸ್ಥಾನಸೂಚಕ. ಹಾಗೆಂದು ಬಾಡಿಗೆ ವೃತ್ತಿಯ ಸಣ್ಣ ಗ್ರಾಹಕನ ಅನಲಾಗ್ ಮಿಕ್ಸರನ್ನು ನಾವು ಕಡೆಗಣಿಸುವಂತಿಲ್ಲ. ಅವನಿಗೆ ಎಡಬಲಕ್ಕೆ ಪ್ರತ್ಯೇಕವಾದ ಎರಡು ಮಾಸ್ಟರ್ ಫೇಡರ್‌ಗಳೇ ಲೇಸೆಂಬುದು ನನ್ನ ಅನುಭವ. ಒಂದು ಕೆಟ್ಟರೂ ಇನ್ನೊಂದರಿಂದ ಕಾರ್ಯಕ್ರಮ ಸಾಗುತ್ತದೆ. ಸಭಾಂಗಣಕ್ಕೊಂದು, ಹೊರಗಿನ ಪೆಂಡಾಲಿಗೊಂದು ಎಂದು ಬೇರೆ ಬೇರೆ ಮಟ್ಟವನ್ನೂ ಇಡಬಹುದು.

ಲೆಕ್ಕವನ್ನು ನೋಡೋಣ. 16 ಚಾನೆಲ್‌ಗಳ ಮಿಕ್ಸರ್‌ನಲ್ಲಿ ಒಟ್ಟು 18 ಫೇಡರ್‌ಗಳಿದ್ದರೆ ಮಾಸ್ಟರ್‌ಗಳು ಎರಡೇ. ಅವುಗಳಿಗೆ ಐದು ಪಟ್ಟು ಬೆಲೆ ತೆತ್ತರೂ ಫೇಡರ್‌ಗಳ ಒಟ್ಟು ವೆಚ್ಚ 18 ಪಾಲಿನಿಂದ 26 ಪಾಲಿಗೆ ಏರುತ್ತದೆ, ಅಷ್ಟೆ. ಹದಿನೆಂಟನ್ನೂ ಬದಲಿಸಿದರೆ ಅದು 90 ಪಾಲಾಗುತ್ತಿತ್ತು. ವಾರಂಟಿಯ ಒಂದು ದುರಸ್ತಿ ಪ್ರಯಾಣ ಈ ಎಂಟು ಪಾಲನ್ನು ನುಂಗಿಬಿಡಬಲ್ಲದು.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಬಿಡಿಭಾಗ ಮಾರುವ ವರ್ತಕ ಮಿತ್ರರಲ್ಲಿಯೂ ಒಂದು ವಿನಂತಿ. ಜಪಾನಿನ ಆಲ್ಪ್ಸ್, ಅಮೆರಿಕದ ಬೌರ್ನ್ಸ್ ಮುಂತಾದ ಹೆಸರುಗಳನ್ನು ಬಾಯಲ್ಲಿ ಹೇಳಿದರೆ ಸಾಲದು. ತಯಾರಕರ ಭಾಗಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿರಿ. ತಯಾರಕರು ಪ್ರತಿ ಸರಕಿನಿಂದ ಹತ್ತನ್ನು ತೆಗೆದು, 1 ಕಿಲೋಹರ್ಟ್ಸ್ ಸ್ವರವನ್ನು ಹಾಯಿಸಿ, ಸೊನ್ನೆ, ಮೈನಸ್ 10, ಮೈನಸ್ 20 ಹಾಗೂ ಮೈನಸ್ 40 ಡೆಸಿಬೆಲ್ ಗುರುತುಗಳಲ್ಲಿ ಎಡಬಲಗಳನ್ನು ಅಳೆದು ನೋಡಲಿ. ಇದಕ್ಕೆ ಒಂದು ಮಿಲಿವೋಲ್ಟ್ ಮೀಟರು, ಅರ್ಧ ಗಂಟೆಯ ಸಮಯ ಸಾಕು.

ಹೊರಗಿನ ಅಗ್ಗದ ಸರಕಿನೊಡನೆ ಬೆಲೆಯಲ್ಲಿ ಸೆಣಸುವುದು ನಮಗೆ ಕಷ್ಟ. ನಡುರಾತ್ರಿಯಲ್ಲಿ ಕೈಕೊಡದ ಯಂತ್ರವನ್ನು ಕೊಡುವುದರಲ್ಲಿ ಸೆಣಸಬಹುದು. ಆ ಕೆಲಸ ಎರಡು ಫೇಡರ್‌ಗಳಿಂದ ಆರಂಭವಾಗಲಿ.