ಮೊದಲ ಪ್ಲೇಟು ಯಾವುದು?

ಈ ವಾರ ನಮ್ಮ ಕಟ್ಟೆಗೆ ಬಂದ ಕಾಗದಗಳಲ್ಲಿ ಒಂದು ವಂಡ್ಸೆಯ ಹುಡುಗನದು. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಕುಂದಾಪುರದ ಕಡೆಯವರು ಹೋಟೆಲಿನಲ್ಲಲ್ಲದೆ ಇನ್ನೆಲ್ಲಿ ಸಿಕ್ಕಿಯಾರು ಎಂದು ನಗಬೇಡಿ, ಅವನ ಕಾಗದ ಓದಿ: "ಹ್ವಾಯ್, ಒಂದ್ ರೆಕಾರ್ಡ್ ಪ್ಲೇಯರ್ ತಕಂಡೆ. ಕೈಯಲ್ ಇಪ್ಪುದ್ ಐದ್ ಪ್ಲೇಟಿನ ದುಡ್ಡ್. ಮೊದ್ಲ್ ಯಾವ್ದ್ ತಕಂಬುದ್ ಹೇಳಿ ಕಾಂಬ."

ಮೊಬೈಲಿನಲ್ಲಿ ಎಲ್ಲಾ ಹಾಡೂ ಪುಕ್ಕಟೆ ಸಿಗುವಾಗ ನಿನಗೆಂತ ಮರ್ಲಾ ಎಂದು ರೂಮಿನ ಸಂಗಡಿಗರು ಗೇಲಿ ಮಾಡುತ್ತಿದ್ದಾರಂತೆ. ಮಾಡಲಿ ಬಿಡಿ. ಆದರೆ ಕಾಗದದ ಕೊನೆಗೆ ಅಸಲು ಸಂಗತಿ ಇದೆ. ಚೌತಿಗೆ ಊರಿಗೆ ಹೋಗುವಾಗ ಪ್ಲೇಯರನ್ನೂ ಒಯ್ದು ಅಪ್ಪಯ್ಯನಿಗೆ ಕೇಳಿಸಬೇಕು. ಅಪ್ಪಯ್ಯ ಅಣ್ಣಾವ್ರ ಕಟ್ಟಾ ಅಭಿಮಾನಿ. ಮಗನೂ ಹೌದು. ಆದರೆ ಇಬ್ಬರಿಗೂ ಜಗಳ! ಅಪ್ಪಯ್ಯನ ಪ್ರಕಾರ ರಾಜಕುಮಾರ್ ಮುಖಕ್ಕೆ ಪಿ.ಬಿ. ಶ್ರೀನಿವಾಸ್ ಗಂಟಲೇ ಸರಿ, ಮುಂದಿನದ್ದೆಲ್ಲ ಬರೀ ಅಭಿಮಾನ. ಮಗನ ಪ್ರಕಾರ ಅಣ್ಣಾವ್ರು ಸ್ವತಃ ಹಾಡಿದ್ದೇ ಹಾಡು. ಊಟಕ್ಕೆ ಕೂತಾಗ ಶುರುವಾದ ಈ ವಾದ ಕೈ ಒಣಗಿದರೂ ಮುಗಿಯುವುದಿಲ್ಲವಂತೆ.

ಹಾಗಾದರೆ ಈ ಐದು ಪ್ಲೇಟು ಬರೀ ಶೋಕಿಯ ಪ್ಲೇಟಲ್ಲ. ಯೋಚನೆ ಮಾಡಿಯೇ ಹೇಳಬೇಕು.

ಮೊದಲು ಏನು ಕೊಳ್ಳಬಾರದು ಎಂಬುದನ್ನು ಹೇಳಿಬಿಡುತ್ತೇನೆ. 'ಹಿಟ್ಸ್', 'ಆಯ್ದ ಗೀತೆಗಳು', 'ಮಧುರ ಗೀತೆಗಳು' ಎಂದು ಬರೆದ ಪ್ಲೇಟನ್ನು ಮೊದಲು ಮುಟ್ಟಬೇಡಿ. ಅದರಲ್ಲಿರುವ ಹಾಡೆಲ್ಲ ನಿಮಗೆ ಬಾಯಿಪಾಠ, ಮೊಬೈಲಿನಲ್ಲೂ ಇವೆ. ಒಂದು ಚಿತ್ರದ ಪ್ಲೇಟು ಹಾಗಲ್ಲ. ಹೆಸರಾದ ಹಾಡಿನ ಪಕ್ಕದಲ್ಲಿ ಯಾರೂ ಗುನುಗದ ಒಂದು ಹಾಡು ಸುಮ್ಮನೆ ಕೂತಿರುತ್ತದೆ. ಮುಳ್ಳು ಎತ್ತಿ ದಾಟಿಸುವುದಕ್ಕೆ ಸೋಮಾರಿತನವಾಗಿ ಅದನ್ನೂ ಕೇಳುತ್ತೀರಿ. ನಾಲ್ಕನೇ ಸಲಕ್ಕೆ ಅದೇ ನಿಮ್ಮ ಹಾಡಾಗಿರುತ್ತದೆ! ಪ್ಲೇಟಿನ ಸುಖ ಇರುವುದೇ ಅಲ್ಲಿ.

ಇನ್ನೊಂದು. ನಾಯಕನ ಮುಖ ನೋಡಿ ಪ್ಲೇಟು ಕೊಳ್ಳುವುದು ಅಭಿಮಾನಿಗಳ ಹಳೇ ಚಾಳಿ. ಪೋಸ್ಟರಿಗೆ ಅದು ಸರಿ. ಪ್ಲೇಟು ತಿರುಗುವಾಗ ನಾಯಕ ಕಾಣುವುದಿಲ್ಲ ಸ್ವಾಮಿ, ಕೇಳುವುದು ಸಂಗೀತ ನಿರ್ದೇಶಕ. ಮುಖಪುಟ ತಿರುಗಿಸಿ ಮೊದಲು ಅವರ ಹೆಸರು ಓದಿ. ಆಮೇಲೆ ಗಾಯಕರ ಹೆಸರು.

ಈಗ ವಂಡ್ಸೆಯ ಜಗಳಕ್ಕೆ ಬರೋಣ. ಅಪ್ಪ-ಮಗನ ವಾದಕ್ಕೆ ಇಸವಿ ಬೇಕೆಂದರೆ 1974. ಅದೊಂದೇ ವರ್ಷದ ಎರಡು ಚಿತ್ರ ಹಿಡಿದುಕೊಳ್ಳಿ: 'ಎರಡು ಕನಸು' ಮತ್ತು 'ಸಂಪತ್ತಿಗೆ ಸವಾಲ್'.

'ಎರಡು ಕನಸು' ವಾಣಿಯವರ ಕಾದಂಬರಿ, ದೊರೆ-ಭಗವಾನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ಅಣ್ಣಾವ್ರಿಗೆ ಪಿ.ಬಿ.ಎಸ್. ಕಂಠ, ಜೊತೆಗೆ ಎಸ್. ಜಾನಕಿ, ವಾಣಿ ಜಯರಾಂ. ಒಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಬ್ಬಳ ಜೊತೆ ಸಂಸಾರ ಮಾಡುವ ಗಂಡಿನ ಕತೆ. ಪಿ.ಬಿ.ಎಸ್. ಅಲ್ಲಿ ಅಳುವುದಿಲ್ಲ, ಗಂಟಲನ್ನು ಸ್ವಲ್ಪ ಒಳಗೆ ಎಳೆದುಕೊಳ್ಳುತ್ತಾರೆ ಅಷ್ಟೆ. ಕೇಳುವವನಿಗೆ ಎದೆ ಭಾರ. ಕಾಕಿನಾಡದಲ್ಲಿ ಹುಟ್ಟಿದ ತೆಲುಗರು ಕನ್ನಡದ ಒಂದೊಂದು ಅಕ್ಷರವನ್ನೂ ಹೀಗೆ ತೊಳೆದು ಇಡುತ್ತಾರಲ್ಲ, ಅದನ್ನು ಏನೆನ್ನಬೇಕು? ತಾನು ಶರೀರ, ಅವರು ಶಾರೀರ ಎಂದು ಅಣ್ಣಾವ್ರೇ ಹೇಳುತ್ತಿದ್ದ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಅಪ್ಪಯ್ಯನ ಪಕ್ಷಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

'ಸಂಪತ್ತಿಗೆ ಸವಾಲ್' ಧುತ್ತರಗಿಯವರ ನಾಟಕದಿಂದ ಬಂದದ್ದು. ಸಂಗೀತ ಜಿ.ಕೆ. ವೆಂಕಟೇಶ್. ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡನ್ನು ಅವರು ಅಣ್ಣಾವ್ರ ಬಾಯಲ್ಲೇ ಹಾಡಿಸಿದರು. 1950ರ ದಶಕದಲ್ಲೇ ಒಂದೆರಡು ಚಿತ್ರದಲ್ಲಿ ಅವರು ಹಾಡಿದ್ದುಂಟು, ಆದರೆ ಜನ ಎದ್ದು ಕುಣಿದದ್ದು ಈ ಎಮ್ಮೆ ಹಾಡಿಗೆ. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಗಂಟಲು ಅದು, ಮೈಕಿಲ್ಲದೆ ಹಿಂದಿನ ಬೆಂಚಿಗೆ ಮುಟ್ಟಿಸಿ ಅಭ್ಯಾಸ. ಸ್ಟುಡಿಯೋದ ಮೈಕಿನ ಎದುರಿಗೂ ಅದೇ ಎದೆಗಾರಿಕೆ. ಇಲ್ಲಿಂದ ಮುಂದೆ ದಾರಿ ಬದಲಾಯಿತು. ಅಣ್ಣಾವ್ರ ಹಾಡು ಅಣ್ಣಾವ್ರದ್ದೇ ಆಯಿತು, 1992ರ 'ಜೀವನ ಚೈತ್ರ'ಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಮಗನ ಪಕ್ಷಕ್ಕೂ ಸಾಕ್ಷಿ ಸಿಕ್ಕಿತಲ್ಲ!

ನಿಲ್ಲಿ, ತೀರ್ಪು ಇನ್ನೂ ಬಾಕಿ ಇದೆ. ಮೂರನೇ ಪ್ಲೇಟು 'ಬಭ್ರುವಾಹನ', 1977. ಹುಣಸೂರು ಕೃಷ್ಣಮೂರ್ತಿ ನಿರ್ದೇಶನ, ಟಿ.ಜಿ. ಲಿಂಗಪ್ಪ ಸಂಗೀತ. ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ. ಅಪ್ಪ-ಮಗ ಯುದ್ಧಭೂಮಿಯಲ್ಲಿ ಎದುರೆದುರು ನಿಂತು ಒಬ್ಬರನ್ನೊಬ್ಬರು ಮೂದಲಿಸುವ ಆ ಹಾಡು ನಿಮಗೆ ಗೊತ್ತೇ ಇದೆ. ಅದನ್ನು ಹಾಡಿದವರು ಯಾರು? ರಾಜಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್! ಒಂದೇ ಮುಖ, ಎರಡು ಗಂಟಲು, ಒಂದೇ ಹಾಡು. ಮಾತಿಗೆ ಮಾತು, ಏಟಿಗೆ ಎದಿರೇಟು, ಯಾರೂ ಸೋಲುವುದಿಲ್ಲ. ಆಟದ ಊರಿನವರಿಗೆ ಈ ಪ್ರಸಂಗದ ಬಿಸಿ ವಿವರಿಸಬೇಕಾಗಿಯೇ ಇಲ್ಲ. ಬೆಳಗಿನ ಜಾವ ಚಂಡೆ ಏರುವಾಗ ಅರ್ಜುನ-ಬಭ್ರುವಾಹನರ ವಾಗ್ವಾದಕ್ಕೆ ನಿದ್ದೆ ಬಿಟ್ಟು ಕೂತವರೇ ಅಲ್ಲವೇ ನೀವೆಲ್ಲ?

ಮೂರನ್ನೂ ಇದೇ ಕ್ರಮದಲ್ಲಿ ಹಾಕಬೇಕು. ಮೊದಲು ಅಪ್ಪಯ್ಯನದು, ಆಮೇಲೆ ಮಗನದು, ಕೊನೆಗೆ ಇಬ್ಬರದೂ. ಬಿಡಿಬಿಡಿಯಾಗಿ ಮೂವತ್ತು ಪ್ಲೇಟು ಕೊಂಡವನಿಗೂ ಸಿಗದ ಒಂದು ಕತೆ ಈ ಮೂರರಲ್ಲಿ ಇದೆ. ನನ್ನ ಮತ? ಮೆಲ್ಲನೆಯ ಹಾಡಿಗೆ ಪಿ.ಬಿ.ಎಸ್., ಎದೆಯುಬ್ಬಿಸುವುದಕ್ಕೆ ಅಣ್ಣಾವ್ರು. ಬೈಯುವವರು ಕಾಗದ ಬರೆಯಿರಿ, ಅಂಚೆಗೆ ತೊಂದರೆಯಿಲ್ಲ.

ನಾಲ್ಕನೆಯದು ವಿಷ್ಣು ಅಭಿಮಾನಿಗಳು ಕೇಳುವ ಮುಂಚೆಯೇ ಹೇಳುತ್ತೇನೆ: 'ನಾಗರಹಾವು', 1972. ಪುಟ್ಟಣ್ಣ ಕಣಗಾಲ್ ಮತ್ತು ವಿಜಯಭಾಸ್ಕರ್ ಜೋಡಿ. ರಾಮಾಚಾರಿಗೆ ಹಾಡಿದವರಲ್ಲಿ ಪಿ.ಬಿ.ಎಸ್. ಇದ್ದಾರೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಇದ್ದಾರೆ. ಪ್ರೀತಿಗೆ ಒಬ್ಬರು, ರೋಷಕ್ಕೆ ಒಬ್ಬರು. ಅಣ್ಣಾವ್ರ ಶಾರೀರವೆಂದು ಅಪ್ಪಯ್ಯ ಹಟ ಹಿಡಿಯುವ ಗಂಟಲು ಇಲ್ಲಿ ಒಬ್ಬ ಹೊಸ ಹುಡುಗನಿಗೂ ಅಷ್ಟೇ ಸಲೀಸಾಗಿ ಕೂತಿದೆ. ಇದನ್ನು ಅಪ್ಪಯ್ಯನ ಮುಂದೆ ಹಾಕಿ ಅವರ ಮುಖ ನೋಡಿ!

ಐದನೆಯದು ಹುಡುಗನ ಸ್ವಂತ ಖುಷಿಗೆ. ಶಂಕರನಾಗ್ ಅವರ 'ಗೀತಾ' (1981) ಅಥವಾ ಮಣಿರತ್ನಂ ಅವರ ಮೊಟ್ಟಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983). ಎರಡಕ್ಕೂ ಇಳಯರಾಜ. ಯಾವುದು ಮೊದಲು ಎಂದರೆ 'ಪಲ್ಲವಿ ಅನುಪಲ್ಲವಿ' ಎನ್ನುತ್ತೇನೆ. 'ಗೀತಾ' ಚಿತ್ರದ ಹಾಡನ್ನು ಆರ್ಕೆಸ್ಟ್ರಾದವರು ಇವತ್ತಿಗೂ ಬಿಟ್ಟಿಲ್ಲ, ಊರಿನ ಯಾವುದಾದರೂ ಸ್ಟೇಜಿನಲ್ಲಿ ಕೇಳಿಯೇ ಕೇಳುತ್ತದೆ. 'ಪಲ್ಲವಿ ಅನುಪಲ್ಲವಿ'ಯ ವಾದ್ಯಗಳ ನಾಜೂಕು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಅರ್ಧ ಸತ್ತುಹೋಗುತ್ತದೆ. ಅದರ ಥೀಮ್ ಸಂಗೀತ ಎಷ್ಟೋ ವರ್ಷಗಳ ನಂತರ ಒಂದು ಮೊಬೈಲ್ ಕಂಪನಿಯ ಜಾಹೀರಾತಾಗಿ ದೇಶವೆಲ್ಲ ಸುತ್ತಿತು, ಕೇಳಿದವರಲ್ಲಿ ಎಷ್ಟು ಜನಕ್ಕೆ ಅದು ಕನ್ನಡ ಚಿತ್ರದ್ದೆಂದು ಗೊತ್ತಿತ್ತೋ! ಇನ್ನೊಂದು ಎಳೆಯೂ ಇದೆ. ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಮದರಾಸಿನಲ್ಲಿ ಇಳಯರಾಜ ದುಡಿದದ್ದು ಇದೇ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ. ಎರಡನೇ ಪ್ಲೇಟಿನ ಗುರು, ಐದನೇ ಪ್ಲೇಟಿನ ಶಿಷ್ಯ. ಅಂದ ಹಾಗೆ ಇಳಯರಾಜ ಕೊಲ್ಲೂರು ಮೂಕಾಂಬಿಕೆಯ ಭಕ್ತರು. ಏಸುದಾಸ್ ಅವರೂ ಹಾಗೆಯೇ, ಜನವರಿ 10ರ ತಮ್ಮ ಹುಟ್ಟುಹಬ್ಬಕ್ಕೆ ಎಷ್ಟೋ ವರ್ಷ ಕೊಲ್ಲೂರಿಗೆ ಬಂದು ಹಾಡಿದವರು. ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆ ದಾಟಿಯೇ ಕೊಲ್ಲೂರು. ವಂಡ್ಸೆ ಪೇಟೆಯಲ್ಲಿ ಚಾ ಕುಡಿಯುತ್ತ ನಿಂತವರ ಮುಂದೆ ಯಾವ್ಯಾವ ಕಾರು ದಾಟಿ ಹೋಗಿದೆಯೋ!

ಇನ್ನು ಕೊಳ್ಳುವ ವಿಷಯ. ಹೊಸದಾಗಿ ಅಚ್ಚಾಗುವ ಎಲ್‌ಪಿಗಳಿಗೆ ಸಾವಿರದ ಲೆಕ್ಕ, ಹೋಟೆಲ್ ಸಂಬಳಕ್ಕೆ ಅದು ಭಾರ. ಬೆಂಗಳೂರಿನಲ್ಲೇ ಇರುವ ಹುಡುಗನಿಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರು ಇದೆ, ಹಳೇ ಸಾಮಾನಿನ ನಡುವೆ ಪ್ಲೇಟೂ ಸಿಗುತ್ತವೆ. 12 ಇಂಚಿನ ಎಲ್‌ಪಿಯೇ ಬೇಕೆಂದು ಹಟ ಬೇಡ. ಆ ಕಾಲದ ಎಷ್ಟೋ ಕನ್ನಡ ಚಿತ್ರದ ಹಾಡುಗಳು 7 ಇಂಚಿನ ಇಪಿಯಲ್ಲೇ ಬಂದವು, ಒಂದು ಬದಿಗೆ ಎರಡು ಹಾಡು. 45ರ ವೇಗಕ್ಕೆ ಗುಂಡಿ ತಿರುಗಿಸಲು ಮರೆತರೆ ಜಾನಕಿಯಮ್ಮ ಗಂಡಸಿನಂತೆ ಹಾಡುತ್ತಾರೆ! 78ರ ಅರಗಿನ ಪ್ಲೇಟು ಚೆಂದ ಕಂಡರೂ ಬೇಡ, ಅದಕ್ಕೆ ಮುಳ್ಳೇ ಬೇರೆ. ನಿಮ್ಮ ಮುಳ್ಳು ಹಾಕಿದರೆ ಪ್ಲೇಟೂ ಹೋಯಿತು, ಮುಳ್ಳೂ ಹೋಯಿತು.

ಪ್ಲೇಟನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ಸಿಗುವ ಗೀರಿದ್ದರೆ ಬಿಟ್ಟುಬಿಡಿ. ಹೊಳಪೇ ಸತ್ತು ಬೂದಿ ಬಣ್ಣಕ್ಕೆ ತಿರುಗಿದ್ದರೆ ಅದು ಮೈಕ್ ಸೆಟ್ಟಿನವರ ಕೈಲಿ ಮದುವೆ, ಜಾತ್ರೆ ಎಲ್ಲ ಮುಗಿಸಿ ಬಂದದ್ದು ಎಂದೇ ಲೆಕ್ಕ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಗೆರೆಗಳ ಜಾಲ ಇದ್ದರೆ ನೂರಾರು ಸಲ ತಿರುಗಿದೆ ಎಂದರ್ಥ. ಬರೀ ಧೂಳು, ಬೂಷ್ಟು ಹೆದರಿಕೆಯಲ್ಲ. ತಣ್ಣೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಲೇಬಲ್ಲು ಒದ್ದೆಯಾಗದಂತೆ ಮೆತ್ತಗಿನ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೆ ಒರೆಸಿ, ನೆರಳಲ್ಲಿ ಒಣಗಿಸಿ.

ಕೊನೆಗೆ ದುಡ್ಡಿಲ್ಲದೆ ಸಿಗುವ ಆರನೆಯದು. ಚೌತಿಗೆ ಊರಿಗೆ ಹೋದಾಗ ಅಟ್ಟ ಹುಡುಕಿ ಎಂದು ಹುಡುಗನಿಗೆ ಹೇಳಬೇಕೆಂದಿದ್ದೇನೆ. ಕಾಳಿಂಗ ನಾವಡರ ಕ್ಯಾಸೆಟ್ಟು ಕುಂದಾಪುರ ಕಡೆಯ ಮನೆಗಳಲ್ಲಿ ಇಲ್ಲದೆ ಇರುವುದಿಲ್ಲ. ಸಾಲಿಗ್ರಾಮ ಮೇಳದ ಟೆಂಟಿಗೆ ಯುವಕರನ್ನು ಸಿನಿಮಾದಂತೆ ಸೆಳೆದ ಭಾಗವತರು, 'ನಾಗಶ್ರೀ' ಪ್ರಸಂಗ ಬರೆದವರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಮೂವತ್ತು ದಾಟಿ ಹೆಚ್ಚು ಸಮಯ ಆಗಿರಲಿಲ್ಲ. ಚಿತ್ರದ ಹಾಡಿನ ಮೂಲ ಟೇಪು ಕಂಪನಿಯ ಬಳಿ ಇದ್ದೀತು. ಆಟದ ರಾತ್ರಿ ಯಾರೋ ಅಭಿಮಾನಿ ಟೇಪ್ ರೆಕಾರ್ಡರ್ ಒತ್ತಿ ಹಿಡಿದಿಟ್ಟ ಪದ್ಯಕ್ಕೆ ಆ ಒಂದೇ ಕ್ಯಾಸೆಟ್ಟು, ನಕಲಿಲ್ಲ. ಸಿಕ್ಕಿದ ಕೂಡಲೇ ಮೆಷಿನ್ನಿಗೆ ತುರುಕಬೇಡಿ. ನಮ್ಮ ಮಳೆಗೆ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಹಿಡಿದಿರುತ್ತದೆ, ಹಾಗೇ ಹಾಕಿದರೆ ಸಿಕ್ಕಿ ಹರಿದೀತು. ತಿಳಿದವರ ಕೈಲಿ ತೆಗೆಸಿ, ಒಂದೇ ಸಲ ಹಾಕಿ, ಅದೇ ಸಲ ಪ್ರತಿ ಮಾಡಿಕೊಳ್ಳಿ.

ಪ್ಲೇಟು ಒಯ್ಯುವಾಗ ರಾತ್ರಿ ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲಂತೂ ಬೇಡವೇ ಬೇಡ, ಬಿಸಿಗೆ ಹಪ್ಪಳವಾಗುತ್ತದೆ. ಎರಡು ರಟ್ಟಿನ ನಡುವೆ ನೆಟ್ಟಗೆ ನಿಲ್ಲಿಸಿ ಕಾಲಿನ ಬಳಿ ಇಟ್ಟುಕೊಳ್ಳಿ. ಮನೆಯಲ್ಲೂ ಹಂಚಿನ ಮಾಡಿನ ಅಟ್ಟಕ್ಕೆ ಏರಿಸಬೇಡಿ. ಅಪ್ಪಯ್ಯ ಏನೆಂದರೆಂದು ಬರೆಯಿರಿ, ಅಚ್ಚು ಹಾಕೋಣ.